ಅಮ್ಮನ ಹೆಸರಿನಲ್ಲಿ ಅಕ್ಕ ಊದಿದ ಉಸಿರು

ಒಂದು ಅನ್ನೋ ಅಂಕಿ ನೋಡಿ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು, ಅದೇ ಕೊನೆ. ಕೋಲಾರದ ಬಸ್ ಸ್ಟ್ಯಾಂಡಿನ ಹಿಂದೆ, ಎಣ್ಣೆ ಗಾಣದ ಮಹಡಿಯ ಮೇಲೊಂದು ಬಾಡಿಗೆ ಕೋಣೆ, ಅದೇ ನಮ್ಮ ಆಫೀಸು. ಬೆಂಗಳೂರಿನಿಂದ ಬಂದಿದ್ದ ಡಾಕ್ಟ್ರು ಬೆಳಗ್ಗೆಯಿಂದ ಕೂಡಿ, ಭಾಗಿಸಿ, ಮತ್ತೆ ಕೂಡಿ, ಕೊನೆಗೆ ಹಲಗೆಯ ಮೇಲೆ ದಪ್ಪಗೆ ಒಂದು ಅಂತ ಬರೆದು ಕೈಗೆ ಮೆತ್ತಿದ ಸೀಮೆಸುಣ್ಣ ಕೊಡವಿಕೊಂಡರು.

"ಮುಗೀತಮ್ಮ. ಹೆಂಚಿನ ಪುಡಿಯಿಂದ ಏನೂ ತೊಂದರೆ ಇಲ್ಲ ಅಂತಾಯ್ತು."

"ಸಾಧ್ಯಾನೇ ಇಲ್ಲ ಸಾರ್," ಅಂದೆ. ಕೆಲಸ ಕೊಟ್ಟವರಿಗೆ ಹಾಗೆ ಎದುರಾಡಬಾರದು ಅನ್ನೋದು ಮಾತು ಹೊರಗೆ ಬಿದ್ದ ಮೇಲೆ ನೆನಪಾಯಿತು. ನನ್ನ ಬಾಯಿ ಯಾವಾಗಲೂ ಹಾಗೆ, ಬುದ್ಧಿಗಿಂತ ಮುಂದೆ ಓಡುತ್ತೆ.

"ನಿನಗೆ ಬೇಜಾರಾದರೆ ಅಂಕಿ ಬದಲಾಗುತ್ತೇನಮ್ಮ?" ಅಂದರು. ಕೆಟ್ಟ ಮನುಷ್ಯರಲ್ಲ. ಅವರಿಗೂ ಬೇಸರವಾಗಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಎಪ್ಪತ್ತರ ದಶಕದ ನಡುವೆ ಶುರುವಾದ ಕೆಲಸ ಅದು. ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ದುಡಿಯೋ ಹೆಂಗಸರದ್ದು ಒಂದು ಗುಂಪು, ಕಾರ್ಖಾನೆಯ ಮುಖವನ್ನೇ ನೋಡದ ಹೊಲದ ಹೆಂಗಸರದ್ದು ಇನ್ನೊಂದು ಗುಂಪು. ಎರಡನ್ನೂ ವರ್ಷ ವರ್ಷ ಹಿಂಬಾಲಿಸಿ, ಉಸಿರಿನ ಬಲ ಅಳೆಯೋ ಮಿಷನ್ನಿಗೆ ಊದಿಸಿ, ಯಾರಿಗೆ ಉಬ್ಬಸ ಬಂತು, ಯಾರಿಗೆ ಬಿಡದ ಕೆಮ್ಮು ಹಿಡೀತು ಅಂತ ಬರೆದುಕೊಳ್ಳಬೇಕು. ಕೊನೆಗೆ ಕಾರ್ಖಾನೆ ಕಡೆ ನೂರಕ್ಕೆ ಎಷ್ಟು ಜನ, ಹೊಲದ ಕಡೆ ನೂರಕ್ಕೆ ಎಷ್ಟು ಜನ ಅಂತ ನೋಡಿ, ಅದನ್ನು ಇದರಿಂದ ಭಾಗಿಸಬೇಕು. ಡಾಕ್ಟ್ರು ಅದಕ್ಕೆ ರಿಲೇಟಿವ್ ರಿಸ್ಕ್ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ನಾನು ಅದಕ್ಕೆ 'ಎಷ್ಟು ಪಟ್ಟು' ಅಂತ ಹೆಸರಿಟ್ಟಿದ್ದೆ. ಎರಡು ಬಂದರೆ ಕಾರ್ಖಾನೆಯವರಿಗೆ ರೋಗ ಎರಡು ಪಟ್ಟು ಜಾಸ್ತಿ. ಒಂದು ಬಂದರೆ ಎರಡೂ ಕಡೆ ಸಮ, ಪುಡಿ ನಿರಪರಾಧಿ. ನಂಟರು ಇರೋ ಕಡೆ ವಿಚಾರಣೆಗೆ ಹೋಗಬಾರದು ಅಂತ ಡಾಕ್ಟರ ನಿಯಮ. ಅದಕ್ಕೆ ಮಾಲೂರು ಬೇರೆಯವರಿಗೆ ಹೋಯಿತು, ನನಗೆ ಮುಳಬಾಗಿಲು, ಶ್ರೀನಿವಾಸಪುರದ ಹೊಲದ ಹೆಂಗಸರು ಬಂದರು.

ನಂಟರು ಅಂದರೆ ನಮ್ಮಮ್ಮ, ನಮ್ಮಕ್ಕ. ಮಾಲೂರಿನಿಂದ ಮಾಸ್ತಿಗೆ ಹೋಗೋ ದಾರಿಯಲ್ಲಿ ನಮ್ಮೂರು. ಅಮ್ಮ ಅದೇ ಕಾರ್ಖಾನೆಯ ಪುಡಿ ಮನೆಯಲ್ಲಿ ದುಡಿದವಳು. ಸುಟ್ಟಾಗ ಒಡೆದುಹೋದ ಹೆಂಚನ್ನು ಅಲ್ಲಿ ಮಿಷನ್ನಿಗೆ ಹಾಕಿ ಪುಡಿ ಮಾಡಿ, ಹೊಸ ಹೆಂಚು ಸೀಳಬಾರದು ಅಂತ ಹಸಿ ಜೇಡಿಮಣ್ಣಿಗೆ ಬೆರೆಸುತ್ತಿದ್ದರು. ಪುಡಿ ಗಾಳಿಗೆ ಹಾರಿ ಹೋಗಬಾರದಲ್ಲ, ಸುತ್ತಲೂ ತಗಡು ಹೊಡೆದು ಮುಚ್ಚಿದ ಶೆಡ್ಡು, ಒಂದೇ ಬಾಗಿಲು. ಪುಡಿ ಹಾರಿ ಹೋಗಲಿಲ್ಲ, ಹೆಂಗಸರ ಎದೆಯಲ್ಲಿ ಕೂತಿತು. ಆ ಹೊತ್ತಿಗೆ ಅಮ್ಮ ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ಮನೆಯಿಂದ ಹಿತ್ತಲಿಗೆ ಹೋಗೋಕೂ ನಡುವೆ ಒಂದು ಕಡೆ ಕೂತು ಸುಧಾರಿಸಿಕೊಳ್ಳಬೇಕಿತ್ತು.

ಅಮ್ಮನಿಗೆ ಕೈಲಾಗದೆ ಹೋದ ಮೇಲೆ ಅಕ್ಕ ಹೋಗಲು ಶುರು ಮಾಡಿದಳು. ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದ್ದರಿಂದ ಪಕ್ಕದ ಮನೆಯಲ್ಲೇ ಇದ್ದಳು. ನಾನು ಕೋಲಾರದ ಕಾಲೇಜಿಗೆ ಹೋಗಿ ಲೆಕ್ಕ ಕಲಿತದ್ದು ಅವಳ ಕೂಲಿಯಲ್ಲಿ. ಆ ವರ್ಷ ಅಕ್ಕನಿಗೂ ಬೆಳಗಿನ ಹೊತ್ತು ಕೆಮ್ಮು ಕಾಣಿಸಿಕೊಂಡಿತ್ತು. ಅಮ್ಮನ ಕೆಮ್ಮು ಶುರುವಾದದ್ದೂ ಹಾಗೇ, ನನಗೆ ಚೆನ್ನಾಗಿ ನೆನಪಿದೆ. ಅಕ್ಕನೂ ಅಮ್ಮನ ಪಕ್ಕ ಆ ಗೋಡೆಗೆ ಒರಗಿ ಕೂರೋದನ್ನು ನಾನು ನೋಡಲಾರೆ, ಅಷ್ಟೇ ನನ್ನ ಹಟ. ಕಾರ್ಖಾನೆಯ ಸಾಹುಕಾರ್ರು ಡಾಕ್ಟರಿಗೆ ಮಾತು ಕೊಟ್ಟಿದ್ದರು: ಪುಡಿಯಿಂದ ರೋಗ ಅಂತ ಲೆಕ್ಕದಲ್ಲಿ ತೋರಿಸಿ, ಮಿಷನ್ನನ್ನು ಶೆಡ್ಡಿನಿಂದ ಬಯಲಿಗೆ ಹಾಕಿಸಿ ನೀರು ಚಿಮುಕಿಸೋ ಏರ್ಪಾಡು ಮಾಡ್ತೀನಿ, ತೋರಿಸೋಕಾಗದಿದ್ದರೆ ಇನ್ನು ಆ ಮಾತು ಎತ್ತಬೇಡಿ. ಹಲಗೆಯ ಮೇಲೆ ಒಂದು ಅಂತಿದ್ದರೆ ಮಿಷನ್ನು ಅಲ್ಲೇ, ಅಕ್ಕನೂ ಅಲ್ಲೇ.

ಭಾನುವಾರ ಊರಿಗೆ ಹೋದೆ. ಅಕ್ಕ ಮುದ್ದೆ ಕಟ್ಟಿ ಬಡಿಸುತ್ತಿದ್ದಳು. ನಾನು ಒಲೆಗಿಂತ ಜೋರಾಗಿ ಉರಿಯುತ್ತಿದ್ದೆ.

"ಇಷ್ಟು ವರ್ಷ ಅಲೆದು ಏನು ಕಂಡುಹಿಡಿದರು ಗೊತ್ತಾ? ಪುಡಿ ಮನೆಯವರಿಗೂ ಹೊಲದವರಿಗೂ ಉಸಿರಲ್ಲಿ ವ್ಯತ್ಯಾಸಾನೇ ಇಲ್ವಂತೆ. ಆ ಊದೋ ಮಿಷನ್ನಲ್ಲಿ ಎಲ್ರೂ ಚೆನ್ನಾಗೇ ಊದಿದಾರಂತೆ."

ಅಕ್ಕ ನಕ್ಕುಬಿಟ್ಟಳು. "ಊದದೆ ಏನ್ಲೇ? ನಾನೇ ಊದಿದ್ದು, ಅಮ್ಮನ ಹೆಸರಲ್ಲಿ. ವರ್ಷಾ ವರ್ಷಾ ಊದ್ತೀನಿ. ಬಂದಿದ್ದೋರು 'ಭೇಷ್ ಕಣಮ್ಮ, ಇಷ್ಟು ವರ್ಷ ದುಡಿದ್ರೂ ಎದೆ ಎಷ್ಟು ಗಟ್ಟಿಯಾಗಿದೆ' ಅಂತ ಹೊಗಳಿದ್ದೇ ಹೊಗಳಿದ್ದು."

"ನನ್ನೆದೆ... ಗಟ್ಟಿಯಂತೆ," ಅಂತ ಅಮ್ಮ ಗೋಡೆಯ ಕಡೆಯಿಂದ ನಕ್ಕಳು. ನಗು ಕೆಮ್ಮಾಯಿತು. ಅಕ್ಕ ಎದ್ದು ಹೋಗಿ ಬೆನ್ನು ನೀವಿದಳು. ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದೆ.

ಇದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮಾಲೂರಿನ ಆ ಕಾರ್ಖಾನೆಯಲ್ಲಿ ಜಾಗ ಅನ್ನೋದು ಆಳಿಗೆ ಸೇರಿದ್ದಲ್ಲ, ಮನೆಗೆ ಸೇರಿದ್ದು. ತಾಯಿಗೆ ಆಗದಿದ್ದರೆ ಮಗಳು, ಮಗಳು ಬಾಣಂತಿಯಾದರೆ ಸೊಸೆ, ಯಾರಾದರೂ ಒಬ್ಬರು ಹೋಗಿ ನಿಂತರಾಯಿತು. ಹೆಸರು ಮಾತ್ರ ಮೊದಲು ಸೇರಿದವಳದ್ದೇ. ಹೊಸ ಹೆಸರು ಬರೆಸೋಕೆ ಹೋದರೆ ಜಾಗ ಖಾಲಿ ಇಲ್ಲ ಅಂದುಬಿಟ್ಟರೆ ಏನು ಗತಿ? ಅದಕ್ಕೇ ಮೇಸ್ತ್ರಿ ಅಮ್ಮನ ಹೆಸರು ಕೂಗಿದರೆ ಅಕ್ಕ 'ಬಂದೆ' ಅನ್ನುತ್ತಿದ್ದಳು. ಮೇಸ್ತ್ರಿಗೂ ಗೊತ್ತು. ಅವನಿಗೆ ತಲೆ ಲೆಕ್ಕ ಸರಿಯಾದರೆ ಸಾಕು, ಯಾರ ತಲೆ ಅಂತ ಬೇಕಿಲ್ಲ. ವಯಸ್ಸು ಅಂತೀರಾ? ಅದು ಸೇರುವಾಗ ಅಂದಾಜಿನ ಮೇಲೆ ಹೇಳಿದ್ದು. ಸೆರಗು ಸುತ್ತಿದ ತಲೆ, ಕೆಂಪು ಪುಡಿ ಮೆತ್ತಿದ ಮುಖ, ಹರೆಯದವಳೂ ಮುದುಕಿಯೂ ಒಂದೇ ಥರ ಕಾಣುತ್ತಿದ್ದರು. ಅಕ್ಕ ಅಮ್ಮನ ಜಾಗಕ್ಕೆ ಹೋಗುತ್ತಾಳೆ ಅನ್ನೋದು ನನಗೂ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಅವಳ ಉಸಿರನ್ನು ಅಮ್ಮನ ಉಸಿರು ಅಂತ ನಮ್ಮವರು ಅಳೆದುಕೊಂಡು ಬಂದಿದ್ದಾರೆ ಅನ್ನೋದು ಅವತ್ತೇ ತಿಳಿದದ್ದು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು.

"ಬೇರೆಯವರೂ ಹೀಗೇ ಊದಿದಾರಾ?"

"ಮತ್ತೆ? ಮನೇಲಿ ಕೆಮ್ಮಿಕೊಂಡು ಬಿದ್ದಿರೋರನ್ನ ಎತ್ಕೊಂಡು ಬರೋಕಾಗುತ್ತೇನೇ? ಅವತ್ತು ಯಾರು ಕೆಲಸದಲ್ಲಿದ್ರೋ ಅವರನ್ನೇ ಮೇಸ್ತ್ರಿ ಸಾಲಾಗಿ ನಿಲ್ಲಿಸ್ದ."

"ನಾಳೇನೇ ಡಾಕ್ಟರಿಗೆ ಹೇಳ್ತೀನಿ."

ಅಕ್ಕನ ನಗು ನಿಂತುಹೋಯಿತು. "ಹೇಳಿ ನಮ್ಮ ಬಾಯಿಗೆ ಮಣ್ಣು ಹಾಕ್ತೀಯಾ? ಬದಲಿ ಆಳುಗಳು ಅಂತ ಸಾಹುಕಾರ್ರಿಗೆ ಗೊತ್ತಾದ್ರೆ ಒಂದೇ ಮಾತಿಗೆ ಎಲ್ರನ್ನೂ ಆಚೆ ಹಾಕ್ತಾರೆ. ನಿಂಗೆ ಕೋಲಾರದಲ್ಲಿ ಕುರ್ಚಿ ಇದೆ ಕಣೇ. ನಮಗೇನಿದೆ?"

"ಉಸಿರಿದೆಯಲ್ಲ, ಅದನ್ನಾದ್ರೂ ಉಳಿಸ್ಕೋ."

"ಮೊದಲು ಹಿಟ್ಟು, ಆಮೇಲೆ ಉಸಿರು," ಅಂದಳು. ಯಾವಾಗಲೂ ಬಸ್ಸು ಹತ್ತಿಸೋಕೆ ಬರುತ್ತಿದ್ದವಳು ಅವತ್ತು ಬರಲಿಲ್ಲ.

ಮರುದಿನ ಯಾರ ಹೆಸರೂ ಎತ್ತದೆ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಹಣೆ ಒತ್ತಿಕೊಂಡು ಕೂತರು. "ಹಾಗಾದರೆ ನಾವು ಇಷ್ಟು ವರ್ಷ ಹಿಂಬಾಲಿಸಿದ್ದು ಮನುಷ್ಯರನ್ನಲ್ಲ, ಜಾಗಗಳನ್ನ," ಅಂದರು. ಅವರು ಹೇಳಿದ್ದು ಸರಿ. ಕೆಮ್ಮು ಬಂದವಳು ಮನೆಗೆ ಹೋಗುತ್ತಾಳೆ, ಗಟ್ಟಿ ಇರೋಳು ಬಂದು ನಿಲ್ಲುತ್ತಾಳೆ, ಜಾಗ ಮಾತ್ರ ಯಾವಾಗಲೂ ಆರೋಗ್ಯವಾಗಿರುತ್ತೆ.

"ನಾನು ಹೋಗ್ತೀನಿ ಸಾರ್. ಮನೆ ಮನೆಗೆ ಹೋಗಿ ಯಾರು ನಿಜವಾಗಿ ಎಷ್ಟು ದಿನ ಪುಡಿ ಮನೇಲಿದ್ರು ಅಂತ ಕೇಳ್ಕೊಂಡು ಬರ್ತೀನಿ."

"ನಿಮ್ಮೂರ ಕಡೆ ನೀನು ಹೋಗಬಾರದು ಅಂತ ನಿಯಮ ಇದೆಯಲ್ಲಮ್ಮ."

"ಆ ನಿಯಮ ಪಾಲಿಸಿದ್ದಕ್ಕೇ ತಾನೇ ಸಾರ್ ಒಂದು ಬಂದದ್ದು?"

ಅವರಿಗೆ ನಗು ಬಂತು, ಆದರೆ ಸುಲಭಕ್ಕೆ ಬಿಡಲಿಲ್ಲ. "ಸರಿ. ಯಾರು ಎಷ್ಟು ವರ್ಷ ದುಡಿದರು ಅಂತ ನೀನು ಕೇಳು. ಉಸಿರು ಅಳೆಯೋದು ಮಾತ್ರ ಬೇರೆಯವರು. ಯಾರು ಯಾವ ಗುಂಪು ಅಂತ ಅವರಿಗೆ ತಿಳೀಬಾರದು. ಇಲ್ಲದಿದ್ದರೆ ನಿನ್ನ ಸಿಟ್ಟೇ ಅಂಕಿ ಆಗಿಬಿಡುತ್ತೆ." ನನಗೆ ಚುರುಕ್ ಅಂತು. ಆದರೂ ಒಪ್ಪಿಕೊಂಡೆ, ಯಾಕೆಂದರೆ ನನಗೆ ಬೇಕಾಗಿದ್ದು ಸಾಹುಕಾರ್ರು ತಳ್ಳಿಹಾಕಲಾಗದ ಅಂಕಿ.

ಆ ಚಳಿಗಾಲವೆಲ್ಲ ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. 'ಯಾವ ಇಸವಿಯಿಂದ ಯಾವ ಇಸವಿವರ್ಗೂ ದುಡಿದೆ' ಅಂತ ಕೇಳಿದರೆ ಯಾರು ಹೇಳ್ತಾರೆ? 'ಕೆರೆ ಕೋಡಿ ಬಿದ್ದಾಗ ಪುಡಿ ಮನೇಲಿ ನೀನಿದ್ಯಾ, ನಿಮ್ಮತ್ತೆ ಇದ್ರಾ' ಅಂತ ಕೇಳಿದರೆ ಸರಾಗವಾಗಿ ಬರುತ್ತಿತ್ತು. ಒಬ್ಬಳಂತೂ ಮಕ್ಕಳನ್ನು ಎದುರಿಗೆ ಸಾಲಾಗಿ ನಿಲ್ಲಿಸಿ, "ಇವನು ಹೊಟ್ಟೇಲಿದ್ದಾಗ ಅತ್ತೆ ಹೋದ್ರು, ಇವಳು ಹಾಲು ಬಿಟ್ಮೇಲೆ ನಾನು ಹೋದೆ" ಅಂತ ಒಪ್ಪಿಸಿದಳು. ನಾನು ಯಾರ ಹೆಸರೂ ಬರೆಯಲಿಲ್ಲ. ಮನೆಗೊಂದು ಗುರುತು, ಅತ್ತೆಗೊಂದು ಚುಕ್ಕೆ, ಸೊಸೆಗೊಂದು ಗೀಟು. "ನೋಡು, ಹೆಸರೇ ಇಲ್ಲ, ಸಾಹುಕಾರ್ರು ಯಾರನ್ನ ತೆಗೀತಾರೆ?" ಅಂತ ಅವರಿಗೇ ತೋರಿಸುತ್ತಿದ್ದೆ. ಮುಖಕ್ಕೇ ಬಾಗಿಲು ಹಾಕಿಕೊಂಡವರೂ ಇದ್ದರು. ಅಂಥ ಕಡೆ ಜಗುಲಿಯ ಮೇಲೆ ಕೂತುಬಿಡುತ್ತಿದ್ದೆ. ಅವರೆಕಾಯಿ ಕಾಲ, ಎಲ್ಲರ ಜಗುಲಿಯ ಮೇಲೂ ಸೊಗಡಿನ ಕಾಯಿಯ ರಾಶಿ. ನಾನೂ ಸುಲಿಯೋಕೆ ಕೈ ಹಾಕುತ್ತಿದ್ದೆ. ಒಂದು ಮೊರ ಮುಗಿಯೋ ಹೊತ್ತಿಗೆ ಮಾತು ತಾನಾಗಿ ಬರುತ್ತಿತ್ತು.

ಕೆಮ್ಮು ಜೋರಾದವರಲ್ಲಿ ಕೆಲವರು ತವರಿಗೆ ಹೊರಟುಹೋಗಿದ್ದರು. ಅವರನ್ನು ಹುಡುಕಿಕೊಂಡು ಮುಳಬಾಗಿಲಿನ ಕಡೆ ಹೋದೆ, ಶ್ರೀನಿವಾಸಪುರದ ಕಡೆ ಹೋದೆ. ಶ್ರೀನಿವಾಸಪುರದ ಆಚೆ ಮಾವಿನ ತೋಪಿನ ಪಕ್ಕದ ಮನೆಯಲ್ಲಿ ಒಬ್ಬ ಹೆಂಗಸು ಸಿಕ್ಕಳು. ಅವಳು ನಮ್ಮ ಹೊಲದ ಗುಂಪಿನವಳು. ನಮ್ಮ ಹಳೆಯ ಪ್ರಶ್ನೆಗಳಲ್ಲಿ ಈಗ ಏನು ಕೆಲಸ ಅಂತ ಮಾತ್ರ ಇತ್ತು, ಅದಕ್ಕೆ ಹೊಲ ಅಂದಿದ್ದಳು. ಸುಳ್ಳೇನಲ್ಲ. ಈ ಸಲ ಅವಳ ತೆಲುಗಿನಲ್ಲೇ, "ಇಂತಕು ಮುಂದು ಏಂ ಪನಿ ಚೇಸ್ತಾ ಉಂಟಿವಮ್ಮಾ?" ಅಂತ ಕೇಳಿದೆ, ಇದಕ್ಕೆ ಮುಂಚೆ ಏನು ಕೆಲಸ ಅಂತ. "ಮಾಲೂರ್ಲೋ, ಪೆಂಕುಲ ಫ್ಯಾಕ್ಟರೀಲೋ," ಅಂದಳು. ಹೆಂಚಿನ ಫ್ಯಾಕ್ಟರಿಯಲ್ಲಂತೆ! ಮಾಲೂರಿನ ಪುಡಿ ತಿಂದ ಎದೆ ನಮ್ಮ ಹೊಲದ ಲೆಕ್ಕಕ್ಕೆ ಸೇರಿಕೊಂಡಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಅಂಥವರು ಇನ್ನೂ ಕೆಲವರು ಸಿಕ್ಕರು. ಆ ಕಡೆ ರೋಗ ಕಮ್ಮಿ ಕಾಣುತ್ತೆ, ಈ ಕಡೆ ಜಾಸ್ತಿ ಕಾಣುತ್ತೆ, ಭಾಗಿಸಿದರೆ ಒಂದು ಬಾರದೆ ಇನ್ನೇನು ಬರುತ್ತೆ?

ಯುಗಾದಿ ಹತ್ತಿರ ಬಂದಾಗ ಡಾಕ್ಟ್ರು ಮತ್ತೆ ಕೂಡಿದರು, ಮತ್ತೆ ಭಾಗಿಸಿದರು. ಒಬ್ಬೊಬ್ಬ ಹೆಂಗಸನ್ನೂ ಅವಳು ನಿಜವಾಗಿ ದುಡಿದ ವರ್ಷಗಳ ಜೊತೆ, ಅವಳದೇ ಉಸಿರಿನ ಜೊತೆ ಇಟ್ಟು ನೋಡಿದರೆ ಅಂಕಿ ಎರಡನ್ನು ದಾಟಿತ್ತು. "ಎಷ್ಟು ಕಮ್ಮಿ ಹಿಡಿದರೂ ಒಂದಕ್ಕೆ ಇಳಿಯಲ್ಲಮ್ಮ," ಅಂದರು. ನನಗೆ ಅಳು ಬಂತು, ಸಂತೋಷಕ್ಕೆ ಅಂತ ಹೇಳಲಾರೆ.

ಅಕ್ಕನಿಗೆ ಹೇಳೋಕೆ ಓಡಿದೆ. ಅವಳು ಅಂಗಳದಲ್ಲಿ ಕೋಳಿಗೆ ನುಚ್ಚು ಚೆಲ್ಲುತ್ತಿದ್ದಳು. ಎರಡು ಪಟ್ಟು ಅಂದ ಕೂಡಲೇ ಅವಳ ಕೈ ನಿಂತಿತು. "ಅಂದ್ರೆ ನಾನು ಸಾಯ್ತೀನಾ?"

"ಥೂ, ಬಿಡ್ತು ಅನ್ನು! ಹಂಗಲ್ಲ ಕಣೇ. ಮೇಲಿನ ಕೇರೀಲಿ ನೂರು ಕೋಳಿ, ಕೆಳಗಿನ ಕೇರೀಲಿ ನೂರು ಕೋಳಿ ಅಂತಿಟ್ಕೋ. ಕೊಕ್ಕರೆ ರೋಗ ಬಂತು. ಮೇಲೆ ಐದು ಹೋದ್ವು, ಕೆಳಗೆ ಹತ್ತು ಹೋದ್ವು. ಕೆಳಗಿನ ಕೇರಿಗೆ ಎರಡು ಪಟ್ಟು. ಆದ್ರೂ ಅಲ್ಲಿ ತೊಂಬತ್ತು ಕೋಳಿ ಓಡಾಡ್ಕೊಂಡೇ ಇವೆ."

"ಹೋಗೋ ಹತ್ತರಲ್ಲಿ ಯಾವುದು ಅಂತ ನಿನ್ನ ಲೆಕ್ಕ ಹೇಳುತ್ತಾ?"

"ಇಲ್ಲ. ಅದು ಯಾರಿಂದಲೂ ಆಗಲ್ಲ."

"ಹಂಗಾದ್ರೆ ಆ ಕೋಳಿಗೆ ನಿನ್ನ ಲೆಕ್ಕದಿಂದ ಏನು ಬಂತು?"

"ಲೆಕ್ಕ ಇರೋದು ಕೋಳಿಗಲ್ಲ ಕಣಕ್ಕ, ಗೂಡಿನ ಯಜಮಾನನಿಗೆ. ಮೇಲಿನ ಗೂಡಲ್ಲಿ ಇಲ್ಲದ್ದು ನಿನ್ನ ಗೂಡಲ್ಲಿ ಏನೋ ಇದೆ, ಅದನ್ನ ತೆಗಿ ಅಂತ." ಅಕ್ಕ ಮಿಕ್ಕ ನುಚ್ಚನ್ನೆಲ್ಲ ಒಂದೇ ಸಲ ಚೆಲ್ಲಿ ಒಳಗೆ ಹೋದಳು. ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಹಬ್ಬ ಕಳೆದ ವಾರವೇ ಡಾಕ್ಟ್ರೂ ನಾನೂ ಕಾರ್ಖಾನೆಗೆ ಹೋದೆವು. ಸಾಹುಕಾರ್ರು ಕಾಫಿ ತರಿಸಿದರು, ಮರ್ಯಾದೆಯಿಂದಲೇ ಕೂರಿಸಿದರು. ಆಮೇಲೆ ಒಂದೊಂದಾಗಿ ಬಿಟ್ಟರು. "ಎರಡು ಪಟ್ಟು ಅಂತೀರಿ, ಯಾವುದರ ಎರಡು ಪಟ್ಟು? ಮೂಲ ಕಡಿಮೆ ಇದ್ದರೆ ಅದರ ಎರಡರಷ್ಟೂ ಕಡಿಮೆಯೇ ಅಲ್ವಾ?" ಅದು ದಡ್ಡ ಪ್ರಶ್ನೆ ಅಲ್ಲ. ಡಾಕ್ಟ್ರು ಎರಡೂ ಕಡೆ ನೂರಕ್ಕೆ ಎಷ್ಟೆಷ್ಟು ಜನ ಅಂತ ಬಿಡಿಸಿ ತೋರಿಸಿದರು, ಅದು ಕಡಿಮೆಯೇನೂ ಇರಲಿಲ್ಲ. "ಈ ಹೆಂಗಸರು ಸೌದೆ ಒಲೆ ಊದ್ತಾರೆ, ಅದರ ಹೊಗೆ ಇರಬಹುದು," ಅಂದರು ಸಾಹುಕಾರ್ರು. ನನಗೆ ತಡೆಯಲಿಲ್ಲ. "ಹೊಲದ ಹೆಂಗಸರೇನು ಸೂರ್ಯನ ಬಿಸಿಲಲ್ಲಿ ಅಡುಗೆ ಮಾಡ್ತಾರಾ? ಅವರದ್ದೂ ಅದೇ ಒಲೆ, ಅದೇ ಸೌದೆ. ಪುಡಿ ಒಂದೇ ಬೇರೆ," ಅಂದೆ.

ಮೊದಲ ಸಲದ ಅಂಕಿಯನ್ನೂ ಡಾಕ್ಟ್ರು ಅವರಿಗೆ ಮುಚ್ಚಿಟ್ಟಿರಲಿಲ್ಲ. ಸಾಹುಕಾರ್ರು ಕುರ್ಚಿಗೆ ಒರಗಿದರು. "ಮೊದಲು ಒಂದು ಅಂದಿರಿ, ಈಗ ಎರಡು ಅಂತೀರಿ. ಅಂಕಿ ಬಿಡಿ. ಹತ್ತಾರು ವರ್ಷ ನನ್ನ ಪುಡಿ ಮನೇಲಿ ದುಡಿದವಳನ್ನ ಕಣ್ಣಿಗೆ ತೋರಿಸ್ತೀನಿ, ನೀವೇ ನೋಡಿ." ಮೇಸ್ತ್ರಿಯನ್ನು ಕೂಗಿ, ಎಲ್ಲರಿಗಿಂತ ಹಳಬಳನ್ನು ಕರೆಯೋಕೆ ಹೇಳಿದರು. ಮೇಸ್ತ್ರಿ ತಡವರಿಸಿದ. ಸಾಹುಕಾರ್ರು ಗದರಿದರು. ಅವನು ಹೋಗಿ ಕರೆದುಕೊಂಡು ಬಂದದ್ದು ನಮ್ಮಕ್ಕನನ್ನು.

ಅಕ್ಕನ ರೆಪ್ಪೆಯ ಮೇಲೆಲ್ಲ ಕೆಂಪು ಪುಡಿ.

"ನೋಡಿ ಡಾಕ್ಟ್ರೇ, ಹದಿನಾರು ವರ್ಷದ ಸರ್ವಿಸು. ಹೇಗಿದಾಳೆ? ಕಲ್ಲುಗುಂಡು ಇದ್ದ ಹಾಗಿದಾಳೆ!"

ಡಾಕ್ಟ್ರು ನನ್ನ ಮುಖ ನೋಡಿದರು. ಯಾರ ಹೆಸರೂ ಹೇಳಲ್ಲ ಅಂತ ಮನೆ ಮನೆಯಲ್ಲೂ ಮಾತು ಕೊಟ್ಟವಳು ನಾನು. ನಾಲಿಗೆ ಕಚ್ಚಿ ಹಿಡಿದುಕೊಂಡೆ, ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಸುಮ್ಮನಿದ್ದದ್ದು ಇಲ್ಲ. ಅಕ್ಕ ಸಾಹುಕಾರ್ರನ್ನು ನೋಡಿದಳು, ನನ್ನನ್ನು ನೋಡಿದಳು. ಒಂದು ಸಲ ಕೆಮ್ಮಿದಳು.

"ಹದಿನಾರು ವರ್ಷದ ಕೆಳಗೆ ನಾನು ಲಂಗ ಹಾಕ್ಕೊಂಡು ಕೆರೆ ಏರಿ ಮೇಲೆ ದನ ಕಾಯ್ತಿದ್ದೆ ಸಾಹುಕಾರ್ರೇ. ನೀವು ಹೇಳ್ತಿರೋಳು ನಮ್ಮಮ್ಮ. ಅವಳು ಮನೇಲಿ ಗೋಡೆಗೆ ಒರಗಿ ಕೂತು ಎಂಟು ವರ್ಷ ಆಯ್ತು. ಮಲಗೋಕಾಗಲ್ಲ. ನೀವು ನೋಡಬೇಕಾದ್ದು ಅವಳನ್ನ, ಬನ್ನಿ ತೋರಿಸ್ತೀನಿ."

ಮೇಸ್ತ್ರಿ ನೆಲ ನೋಡುತ್ತಿದ್ದ. ಕೊನೆಗೆ ಸಾಹುಕಾರ್ರು, "ನಿನ್ನ ಹೆಸರೇನಮ್ಮ ಹಾಗಾದ್ರೆ?" ಅಂದರು. ಅಕ್ಕ ತನ್ನ ಹೆಸರು ಹೇಳಿದಳು. ಆ ಕಾರ್ಖಾನೆಯಲ್ಲಿ ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಸಾಹುಕಾರ್ರು ಟೇಬಲ್ಲಿನ ಮೇಲೆ ಬೆರಳು ಬಡಿದರು. "ಕೊಟ್ಟ ಮಾತು ಕೊಟ್ಟದ್ದೇ. ಮಿಷನ್ನು ಆಚೆಗೆ ಹಾಕಿಸ್ತೀನಿ. ಆದ್ರೆ ಈ ಬದಲಿ ಆಟ ಇವತ್ತಿಗೆ ಮುಗೀತು. ಯಾರು ದುಡೀತಾರೋ ಅವರದ್ದೇ ಹೆಸರು. ಎಲ್ಲರದ್ದೂ ಇವತ್ತಿಂದ ಹೊಸ ಸರ್ವಿಸು."

"ಅವಳು ಎಂಟು ವರ್ಷ ನಿಮ್ಮ ಪುಡಿ ತಿಂದಿದಾಳಲ್ಲ, ಅದು ಎಲ್ಲಿಗೆ ಹೋಗುತ್ತೆ?" ಅಂತ ನಾನು ಎದ್ದು ನಿಂತುಬಿಟ್ಟೆ.

"ಸುಮ್ನಿರೇ," ಅಂದಳು ಅಕ್ಕ. ನನ್ನ ಕಡೆ ತಿರುಗಲೂ ಇಲ್ಲ. "ಹೋದ ವರ್ಷ ಹೋಗ್ಲಿ ಸಾಹುಕಾರ್ರೇ, ನೀವೇ ಇಟ್ಕೊಳ್ಳಿ. ಆದ್ರೆ ಇವತ್ತಿಂದ ಬೇಡ. ಆ ಮಿಷನ್ನು ಯಾವತ್ತು ಬಯಲಿಗೆ ಬರುತ್ತೋ ಆವತ್ತಿಂದ ನನ್ನ ಹೆಸರು ಬರ್ಕೊಳ್ಳಿ. ಅಲ್ಲೀವರ್ಗೂ ಆ ಶೆಡ್ಡೊಳಗೆ ಕಾಲಿಡಲ್ಲ."

ಅಷ್ಟು ಹೇಳಿ ಸೆರಗು ಕೊಡವಿ ಹೊರಟಳು. ನಾನೂ ಹಿಂದೆಯೇ ಓಡಿದೆ. ಅವಳು ಪುಡಿ ಮನೆಯ ಬಾಗಿಲಲ್ಲಿ ನಿಂತು ಒಳಗಿದ್ದವರಿಗೆ ಏನೋ ಹೇಳಿದಳು, ಮಿಷನ್ನಿನ ಸದ್ದಿಗೆ ನನಗೆ ಕೇಳಿಸಲಿಲ್ಲ. ಒಬ್ಬಳು ಪುಡಿ ತುಂಬಿದ ಮಂಕರಿ ಕೆಳಗಿಟ್ಟು ಆಚೆ ಬಂದಳು, ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಎಲ್ಲರೂ ಬಂದರು. ಹೊರಗೆ ಬಿಸಿಲಲ್ಲಿ ಕೂತು ಬುತ್ತಿ ಬಿಚ್ಚಿದರು. ಅವರ ಊಟ ಮುಗಿಯೋ ಹೊತ್ತಿಗೆ ಮೇಸ್ತ್ರಿ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದು ಮಿಷನ್ನಿನ ಬೋಲ್ಟು ಬಿಚ್ಚಲು ಶುರು ಮಾಡಿದ.